ಕಿಟಕಿ ಮುದುಕ

ಹೆಂಡತಿ ಮ್ವಾನಾಕೊಂಬೊ ತೀರಿಕೊಂಡ ಮೇಲೆ ಕಿಬ್ವಾನಾನಿಗೆ ನಾಲ್ಕು ಮಾತಿನ ಭಾಗ್ಯ ಉಳಿದಿದ್ದು ಒಂದು ಕಾರ್ಟೂನಿನಿಂದ. ದಾರ್ ಎಸ್ ಸಲಾಮ್‌ನ ಪತ್ರಿಕೆಯೊಂದಕ್ಕೆ ಚಿತ್ರ ಬರೆಯುವ ಪಕ್ಕದ ಬೀದಿಯ ಶೊಮಾರಿ, ಈ ಮುದುಕನ ಮೊರದಗಲದ ಕಿವಿ, ಮುಂದಿನ ಹಲ್ಲಿನ ಸಂದು, ಓರೆ ಟೋಪಿ ಎಲ್ಲವನ್ನೂ ಎತ್ತಿಕೊಂಡು 'ಕಿಟಕಿ ಮುದುಕ'ನನ್ನು ಹುಟ್ಟಿಸಿದ್ದ. ಕಿಟಕಿ ಮುದುಕನ ಕೆಲಸ ಒಂದೇ. ದಿನವೂ ಡಾಲಡಾಲಾ ಬಸ್ಸು ಹತ್ತುವುದು, ಕಿಟಕಿ ತೆಗೆಯಿರಿ ಎಂದು ಯಾರ ಜೊತೆಗಾದರೂ ಜಗಳ ತೆಗೆಯುವುದು.

ಬಸ್ಸಿನಲ್ಲಿ ಜನ ಕಿಬ್ವಾನಾನ ಗುರುತು ಹಿಡಿಯುತ್ತಿದ್ದರು. "ಏನಜ್ಜಾ, ಕಿಟಕಿ ತೆಗೀಲಾ, ಇಲ್ಲಾ ಜಗಳ ಆಡ್ತೀಯಾ?" ಎಂದು ಕೆಣಕುತ್ತಿದ್ದರು. ಸಂಜೆ ಕಾಫಿ ಕಟ್ಟೆಯಲ್ಲಿ ಸರಿದು ಜಾಗ ಬಿಡುತ್ತಿದ್ದರು. ಊಟಕ್ಕೆ ಮುಂಚೆ ಕೈಗೆ ನೀರು ಹಾಕುತ್ತಿದ್ದ ಮ್ವಾನಾಕೊಂಬೊ ಈಗಿಲ್ಲ. ಒಬ್ಬನೇ ಕೈ ತೊಳೆದು ಉಗಾಲಿ ಮುದ್ದೆ ಮುರಿಯುವಾಗ ಅವನು ಆ ಕೆಣಕು ಮಾತುಗಳನ್ನೇ ನಂಜಿಕೊಳ್ಳುತ್ತಿದ್ದ.

ಒಂದು ಸೋಮವಾರ ಪತ್ರಿಕೆಯಲ್ಲಿ ಕಿಟಕಿ ಮುದುಕ ಇರಲಿಲ್ಲ. ಮಂಗಳವಾರವೂ ಇರಲಿಲ್ಲ. ಕಿಬ್ವಾನಾ ಶೊಮಾರಿಯ ಮನೆಗೇ ಹೋದ.

"ಎಲ್ಲಿ ಮಗಾ ನಾನು?"

"ನಿಲ್ಸಿಬಿಟ್ರು ಅಜ್ಜಾ. ಮಂತ್ರಿಗಳ ಚಿತ್ರ ಚುಚ್ಚೋದಕ್ಕೆ ಬೇಕಂತೆ, ಸೋಪಿನ ಚಿತ್ರ ಮಾರೋದಕ್ಕೆ ಬೇಕಂತೆ, ಇಸ್ಕೂಲ್ ಪುಸ್ತಕದ್ದು ಪಾಠ ಹೇಳೋದಕ್ಕೆ. ನಿಂದು ಬರೀ ನಗೋದಕ್ಕೆ ತಾನೆ? ಅದಕ್ಕೆ ಜಾಗ ಇಲ್ವಂತೆ."

"ಆ ಮಂತ್ರಿ ಚಿತ್ರದ ಮೂಲೇಲಿ ನಿಲ್ಸು. ಸುಮ್ನೆ ನಿಂತಿರ್ತೀನಿ, ಬಾಯಿ ಬಿಡಲ್ಲ."

ಶೊಮಾರಿ ನಕ್ಕ. ಮುದುಕ ನಗಲಿಲ್ಲ. ಮೇಜಿನ ಮೇಲೆ, ಆಸ್ಪತ್ರೆಯವರು ಹೇಳಿ ಬರೆಸುತ್ತಿದ್ದ ಪೋಸ್ಟರೊಂದು ಅರ್ಧಕ್ಕೆ ನಿಂತಿತ್ತು. ಒಬ್ಬ ಗಂಡಸು ಕಕ್ಕಸಿನಿಂದ ಬಂದವನೇ ಕೈ ತೊಳೆಯದೆ ಊಟಕ್ಕೆ ಕೂತಿದ್ದಾನೆ, ತಟ್ಟೆಯ ಸುತ್ತ ಕಾಲರಾ ನೊಣಗಳು. ಆ ಗಂಡಸಿಗೆ ಇನ್ನೂ ಮುಖ ಬರೆದಿರಲಿಲ್ಲ.

"ಇವನಿಗೆ ನನ್ನ ಮುಖ ಹಾಕು."

"ಬೇಡ ಅಜ್ಜಾ. ಇದು ಹೆದರ್ಸೋ ಚಿತ್ರ. ಕಿಟಕಿ ಮುದುಕನ್ನ ಜನ ಮನೆಗೆ ಕರ್ಕೊಂಡು ಹೋಗ್ತಿದ್ರು. ಇವನನ್ನ ಬಾಗಿಲಲ್ಲೇ ತಡೀತಾರೆ."

"ನೋಡ್ತಾರೋ ಇಲ್ವೋ, ಅಷ್ಟು ಹೇಳು."

"ನೋಡ್ತಾರೆ."

"ಹಾಗಾದ್ರೆ ಹಾಕು."

ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ. ಮಳೆ ಹಿಡಿದು ಕಾಲರಾ ಭಯ ಹುಟ್ಟುವ ಹೊತ್ತಿಗೆ, ಮಗೊಮೆನಿ ಬಡಾವಣೆಯ ಗೋಡೆಗೋಡೆಯ ಮೇಲೂ ಕಿಬ್ವಾನಾ ಕೊಳಕು ಕೈಯಲ್ಲಿ ಉಣ್ಣುತ್ತ ಕೂತಿದ್ದ. ಜನ ನೋಡಿದರು. ಚೆನ್ನಾಗಿಯೇ ನೋಡಿದರು! ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಕಾಫಿ ಕಟ್ಟೆಯಲ್ಲಿ ಒಬ್ಬ ತಮಾಷೆಗೆಂದು "ಇವನ ಬಟ್ಟಲು ಬೇರೆ ಇಡಪ್ಪಾ" ಅಂದ. ಮಾರನೆಯ ದಿನ ಕಾಫಿಯವನು ನಿಜವಾಗಿಯೂ ಬೇರೆ ಬಟ್ಟಲು ತಂದ. ಚಿತ್ರ ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಮೈ ತಾನಾಗಿ ಹಿಂದೆ ಸರಿಯುತ್ತದೆ. ಹೆಂಡತಿ ಸತ್ತಾಗಲೂ ಅವನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ಮನೆ ಮಾತ್ರ ಖಾಲಿಯಾಗಿತ್ತು.

ಮಂಡಿನೋವಿನ ಔಷಧಿಗೆಂದು ಆಸ್ಪತ್ರೆಗೆ ಹೋದ ದಿನ ಬೆಂಚಿನಲ್ಲಿ ಅವನಿಗೆ ಬೇಕಾದಷ್ಟು ಜಾಗ ಸಿಕ್ಕಿತು. ಉಳಿದವರೆಲ್ಲ ಇನ್ನೊಂದು ತುದಿಯಲ್ಲಿ ಒತ್ತಿಕೊಂಡು ಕೂತಿದ್ದರು. ಅವನ ತಲೆಯ ಮೇಲೇ ಆ ಪೋಸ್ಟರ್. ಜಡೆ ಹೆಣೆದ ಪುಟ್ಟ ಹುಡುಗಿಯೊಬ್ಬಳು ಎದುರು ಬಂದು ನಿಂತು, ಚಿತ್ರ ನೋಡಿದಳು, ಅವನನ್ನು ನೋಡಿದಳು, ಆಮೇಲೆ ಅವನ ಕೈ ನೋಡಿದಳು.

"ಜುಹುರಾ, ಈ ಕಡೆ ಬಾರೇ!" ಎಂದು ಅವಳ ತಾಯಿ ಗದರಿದಳು. ಹುಡುಗಿ ಕದಲಲಿಲ್ಲ.

"ಅಜ್ಜಾ, ನೀನು ಕೈ ತೊಳ್ಕೊಳಲ್ವಾ?"

"ತೊಳ್ಕೋತೀನಿ ಕಣವ್ವಾ."

"ಮತ್ತೆ ಅಲ್ಲಿ?"

ಮುದುಕ ಕತ್ತು ತಿರುಗಿಸಿ ತಲೆಯ ಮೇಲಿನ ಪೋಸ್ಟರ್ ನೋಡಿದ.

"ನಿಂಗೆ ಯಾರೂ ನೀರು ಹಾಕಲ್ವಾ?"

"ಇಲ್ಲವ್ವಾ," ಎಂದ ಕಿಬ್ವಾನಾ.

ಜುಹುರಾ ಬಾಗಿಲ ಬಳಿಯ ಬಕೆಟ್ಟಿಗೆ ಓಡಿ, ತಂಬಿಗೆ ತುಂಬಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಚೆಲ್ಲುತ್ತ ಚೆಲ್ಲುತ್ತ ಬಂದಳು. ಅವನು ಬೆಂಚಿನಿಂದ ಮುಂದೆ ಬಾಗಿ ಕೈ ಚಾಚಿದ. ತುದಿಯಲ್ಲಿದ್ದವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಅವನು ಅವರ ಕಡೆ ನೋಡಲಿಲ್ಲ. ನೀರು ಬೆರಳ ಸಂದಿಯಿಂದ ಇಳಿದು ಸಿಮೆಂಟಿನ ನೆಲದ ಮೇಲೆ ಹರಿಯಿತು, ತಂಬಿಗೆ ಬರಿದಾಯಿತು.

"ಸಾಕಾ ಅಜ್ಜಾ?"

ಕೈ ಆಗಲೇ ಶುಭ್ರವಾಗಿತ್ತು.

"ಇನ್ನೊಂದು ತಂಬಿಗೆ ಹಾಕವ್ವಾ," ಎಂದ ಕಿಬ್ವಾನಾ, ಚಾಚಿದ ಕೈ ಹಿಂದಕ್ಕೆ ತೆಗೆಯದೆ.