ಐದು ತಾಲೂಕು ಹಿಡಿಸಿದ ಅಕ್ಷರ

ಜಂಬಣ್ಣನಿಗೆ ಬೇಕಾಗಿದ್ದದ್ದು ಪಕ್ಷದ ಸಂಚಾಲಕನ ಹುದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದಕ್ಕೂ ಸೇರಿ ಒಬ್ಬನೇ ಸಂಚಾಲಕ. ಬೆಂಗಳೂರಿನ ವರಿಷ್ಠರು ಭಾನುವಾರ ಕೂಡ್ಲಿಗಿಯ ಸಭೆಯಲ್ಲೇ ಹೆಸರು ಹೇಳುತ್ತಾರೆಂದು ಸುದ್ದಿ. ಅವರಿಗೆ ಜಂಬಣ್ಣನ ಮುಖ ಗೊತ್ತಿಲ್ಲ, ಹೆಸರಾದರೂ ಕಣ್ಣಿಗೆ ಬೀಳಬೇಕು. ಅದಕ್ಕೆಂದೇ ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸ್.

ಆದರೆ ಫ್ಲೆಕ್ಸಿನಲ್ಲಿ ಹೆಸರಿಲ್ಲದೆ ಬೆಂಬಲಿಸುವ ಬೆಂಬಲಿಗ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ತಂಬ್ರಹಳ್ಳಿಯವರನ್ನು ಹಾಕಿದರೆ ಹಿರೇಹಡಗಲಿಯವರು ಮುಖ ಊದಿಸುತ್ತಾರೆ. ಹೆಸರುಗಳು ಇನ್ನೂರು ದಾಟಿದವು. ಆಗ ಫ್ಲೆಕ್ಸ್ ಅಂಗಡಿಯ ಶಿವಲೀಲಾ ಕಂಪ್ಯೂಟರಿನಲ್ಲಿ ಹೊಸ ಫಾಂಟ್ ತೆಗೆದಳು.

"ನೋಡ್ರಿ ಅಣ್ಣಾ, ಸ್ಕೇಲು, ಕೈವಾರ ಇಟ್ಟು ಬರದಂಗೈತಿ. ಗೆರಿ ಎಲ್ಲಾ ಒಂದೇ ದಪ್ಪ. ಆಜುಬಾಜು ಒತ್ತಿ ಉದ್ದ ಮಾಡ್ಯಾರ. ಸಿನಿಮಾ ಪೋಸ್ಟರ್‌ನಾಗ ಕೆಳಗ ಹೆಸರು ತುಂಬಾಕ ಇಂಥದ್ದೇ ಹಾಕ್ತಾರ. ಒಂದು ಹಗರಿಬೊಮ್ಮನಹಳ್ಳಿ ಹಿಡಿಯೋ ಜಾಗದಾಗ ಮೂರು ಕುಂದ್ರತಾವ."

ಮೈತುಂಬಿಕೊಂಡಿದ್ದ ಕನ್ನಡದ ಅಕ್ಷರಗಳು, ಮೂವರ ಸೀಟಿನಲ್ಲಿ ಐವರು ಕೂತ ಬಸ್ಸಿನಂತೆ, ಭುಜ ಕುಗ್ಗಿಸಿ ಒತ್ತೊತ್ತಾಗಿ ನಿಂತವು. ಪರದೆಯ ಮೇಲೆ ಚಂದವೇ ಕಂಡಿತು.

"ನನ್ ಹೆಸರೂ ಇದ್ರಾಗೇ ಹಾಕು," ಎಂದ ಜಂಬಣ್ಣ. ಸಮಾಜಸೇವಕರು, ಕೊಡುಗೈ ದಾನಿಗಳು, ಯುವಕರ ಕಣ್ಮಣಿ ಎಂಬ ಬಿರುದುಗಳೆಲ್ಲ ಹೆಸರಿನ ಜೊತೆ ಒಂದೇ ಸಾಲಿನಲ್ಲಿ ಬರಬೇಕಿತ್ತು.

ಎಂದಿನಂತೆ ಕೆಳಗಿನ ಮೂಲೆಯಲ್ಲಿ ಶಿವಲೀಲಾ ತನ್ನದನ್ನೂ ಸೇರಿಸಿದಳು: 'ಶಿವಲೀಲಾ, ಕೂಡ್ಲಿಗಿ', ಪಕ್ಕದಲ್ಲಿ ಫೋನ್ ನಂಬರು. ಅಕ್ಷರ ಮಾತ್ರ ಹಳೆಯದು, ದುಂಡಗಿನದು.

"ನಿಂದ್ಯಾಕ ಬ್ಯಾರೆ ಐತಿ?"

"ಅದನ್ನ ಗಿರಾಕಿ ಓದಬೇಕಲ್ರಿ ಅಣ್ಣಾ."

ಜಂಬಣ್ಣನಿಗೆ ಮಾತು ಸರಿಯೆನಿಸಿತು. ತಲೆಯಾಡಿಸಿ ಮನೆಗೆ ಹೋದ.

ಭಾನುವಾರ ಫ್ಲೆಕ್ಸ್ ಮೇಲೇರಿತು. ಕೆಳಗೆ ನಿಂತು ನೋಡಿದರೆ ಒಣಗಲು ಹಾಕಿದ ಶಾವಿಗೆ. ಆದರೂ ಬೆಂಬಲಿಗರು ಮೊಬೈಲಿನಲ್ಲಿ ಎಳೆದು ಹಿಗ್ಗಿಸಿ, ತಂತಮ್ಮ ಹೆಸರು ಹುಡುಕಿ, ಸ್ಟೇಟಸ್ಸಿಗೆ ಹಾಕಿ ಖುಷಿಪಟ್ಟರು. ವರಿಷ್ಠರ ಕಾರು ನಿಂತಿತು. ಅವರು ಕತ್ತೆತ್ತಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕೊನೆಗೆ ಅವರ ಕಣ್ಣು ಕೆಳಗಿನ ಮೂಲೆಗೆ ಇಳಿದು ಅಲ್ಲೇ ನಿಂತಿತು. ಜಂಬಣ್ಣ ಹಾರ ಹಿಡಿದು ಮುಂದೆ ನುಗ್ಗಿದ.

ಸಭೆಯಲ್ಲಿ ವರಿಷ್ಠರು ಮೈಕು ಹಿಡಿದರು. "ಇಷ್ಟು ದೊಡ್ಡ ಸ್ವಾಗತ ಮಾಡಿಯೂ ತಮ್ಮ ಹೆಸರನ್ನು ಒಂದು ಮೂಲೆಯಲ್ಲಿ ಹಾಕಿಕೊಂಡಿದ್ದಾರೆ. ಒಂದು ಬಿರುದಿಲ್ಲ. ಜನರಿಗೆ ಸಿಗಲಿ ಅಂತ ಫೋನ್ ನಂಬರ್ ಬೇರೆ ಕೊಟ್ಟಿದ್ದಾರೆ. ಪಕ್ಷಕ್ಕೆ ಬೇಕಾಗಿರುವುದು ಇಂಥ ವಿನಯ. ಐದು ತಾಲೂಕಿನ ಸಂಚಾಲಕಿ, ಕೂಡ್ಲಿಗಿಯ ಶಿವಲೀಲಾ ಅವರು."

ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ ಮೊದಲು ಚಪ್ಪಾಳೆ ತಟ್ಟಿದವನು ಜಂಬಣ್ಣನೇ.

ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋದ. ಕರೆಯುವ ರೀತಿಯೂ ಬದಲಾಗಿತ್ತು.

"ಮೇಡಂ, ನಿಮಗ ಅಭಿನಂದನಾ ಫ್ಲೆಕ್ಸ್ ಹಾಕಸಬೇಕಂತೀನಿ. ಕೆಳಗ ನನ್ ಹೆಸರು ದುಂಡ ಅಕ್ಷರದಾಗ ಬರ್ಲಿ."

ಶಿವಲೀಲಾ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅದೇ ಇನ್ನೂರು ಹೆಸರುಗಳು ಆಗಲೇ ಅವಳ ಅಭಿನಂದನೆಗೆಂದು ಅಲ್ಲಿ ಸಾಲುಗಟ್ಟಿ ನಿಂತಿದ್ದವು.

"ಜಾಗ ಇಲ್ರಿ ಅಣ್ಣಾ. ಮೈಲಾರೇಶಂಗೂ ಪಕ್ಕೀರಪ್ಪಗೂ ನಡುವ ಆ ಉದ್ದ ಅಕ್ಷರದಾಗ ಕುಂದ್ರಸ್ತೀನಿ. ಬಿರುದು ಮಾತ್ರ ಹಿಡಿಯಂಗಿಲ್ರಿ."