ಮಾಲಾಳ ಐನೂರು ಸುತ್ತು

ಹೇಳಿದರೆ ಬೈತೀರಿ, ಬೈಯಿರಿ. ನನ್ನ ಹೆಂಡತಿ ಮಾಲಾ ಪುಣೆಯ ಲ್ಯಾಬಿನಲ್ಲಿ ಮಾಡಿದ ಬ್ಯಾಟರಿ ಸಾಯಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತಿದ್ದೆ. ಅದು ಐನೂರು ಸುತ್ತು ಚಾರ್ಜ್ ಆಗಿ, ಇಳಿದು, ಸಾಯದೆ ಉಳಿದರೆ ಅವಳಿಗೆ ಅಲ್ಲೇ ಇನ್ನೂ ಎರಡು ವರ್ಷ ಕೆಲಸ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮುನವಳ್ಳಿಗೆ, ನನ್ನ ಹತ್ತಿರ.

ರೂಪಾಯಿ ನಾಣ್ಯದಷ್ಟೇ ದೊಡ್ಡ ಸೆಲ್ಲು. ಒಳಗೆ ಲಿಥಿಯಂ ಲೋಹದ ಹಾಳೆ. ಚಾರ್ಜ್ ಮಾಡಿದಾಗಲೆಲ್ಲ ಲೋಹ ಸಮನಾಗಿ ಕೂರದೆ ಜಾಲಿಮುಳ್ಳಿನ ಹಾಗೆ ಬೆಳೆಯುತ್ತದಂತೆ. ಆ ಮುಳ್ಳು ನಡುವಿನ ಪರದೆ ಚುಚ್ಚಿತೋ, ಕಥೆ ಮುಗಿಯಿತು. ಮುಳ್ಳು ಏಳದಂತೆ ಹಾಳೆಗೆ ಲೇಪ ಹಚ್ಚುವುದೇ ಅವಳ ಮೂರು ವರ್ಷದ ಕೆಲಸ. ನಾನು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವವ. ಸುಟ್ಟದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತೇನೆ. ಅವಳದು ಸತ್ತರೆ ಸತ್ತಿತೇ.

ನಮ್ಮವ್ವ ಚನ್ನವ್ವ ಸುತ್ತಿನ ಮಾತನ್ನು ತಪ್ಪು ತಿಳಿದಳು.

"ಪಾಪ, ಐದ್ನೂರ ಸುತ್ತ ಒಬ್ಬಾಕೀನ ಹೆಂಗ ಹಾಕ್ತಾಳೋ? ಅರ್ಧಾ ನಾ ಹಾಕ್ತೇನಿ," ಎಂದು ಬಸವಣ್ಣನ ಗುಡಿ ಸುತ್ತತೊಡಗಿದಳು. ತಿಳಿಸಿ ಹೇಳಿದರೂ ಬಿಡಲಿಲ್ಲ. ಅದು ಉಳಿಯಲೆಂದು ಅವ್ವ ಸುತ್ತುವುದು, ಸಾಯಲೆಂದು ನಾನು ಕಾಯುವುದು. ಥೂ, ನನ್ನ ಜನ್ಮಕ್ಕೆ! ಆದರೆ ಏನು ಮಾಡಲಿ? ಮಾಲಾಳ ಸೀರೆಯ ಟ್ರಂಕು ತೆರೆದರೆ ಜೀವ ಹಿಂಡುತ್ತಿತ್ತು. ನನ್ನ ಮನೆಯಲ್ಲಿ ನಾನೇ ಬೀಗರ ಹಾಗೆ ಇದ್ದೆ.

ನಾನೂರ ಮೂವತ್ತೊಂದನೇ ಸುತ್ತಿಗೆ ಸೆಲ್ಲು ಸತ್ತಿತು. ಫೋನಿನಲ್ಲಿ ಮಾಲಾ "ಹೋತ್ರಿ" ಎಂದಷ್ಟೇ ಅಂದಳು. ನಾನು ಅಂಗಡಿ ಮುಚ್ಚಿ ಅವಳಿಗೆಂದು ಸಿಹಿ ಕುಂದಾ ತಂದೆ.

ಮೂರನೆಯ ದಿನ ಬಂದಳು. ಕುಂದಾ ಮುಟ್ಟಲಿಲ್ಲ. ಬಿಚ್ಚಿದ ಸೆಲ್ಲಿನ ಫೋಟೊ ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸಿದಳು.

"ನೋಡ್ರಿ, ಮುಳ್ಳು ಲೇಪಾ ಹರದ ಬಂದಿಲ್ಲ. ಲೇಪಾ ಇಲ್ಲದ ಅಂಚಿನ್ಯಾಗಿಂದ ಬಂದೈತಿ. ಅಂಚಿಗೂ ಹಚ್ಚಿದ್ರ ತಡೀತಿತ್ತು." ಮೊಬೈಲು ಕೆಳಗಿಟ್ಟಳು. "ಇದನ್ನ ನೋಡಿ, ಇನ್ನೊಮ್ಮೆ ಮಾಡ್ತಿಯೇನಂತ ಲ್ಯಾಬಿನ ಸರ್ ಕೇಳಿದ್ರು. ನಿಮ್ಮನ್ನ ಎಷ್ಟಂತ ಕಾಯಸೂದು? ಒಲ್ಲೆ ಅಂದ್ನಿ. ಇನ್ನ ಇಲ್ಲೇ ಇರ್ತೇನ್ರಿ. ಖುಷಿ ಆತಲ್ಲ?"

ಮೂರು ವರ್ಷ ಕಾದ ಮಾತು. ಅವಳ ಮುಖ ನೋಡಲು ಆಗಲಿಲ್ಲ. ಬೇಡಿಕೊಂಡದ್ದು ಸಿಕ್ಕಿತ್ತು, ಅದರ ಮುಖ ಹೀಗಿರುತ್ತದೆಂದು ಗೊತ್ತಿರಲಿಲ್ಲ.

"ಸರ್‌ಗೆ ಫೋನ್ ಹಚ್ಚು," ಎಂದೆ. "ಬರ್ತೇನಿ ಅನ್ನು."

"ನೀವು?"

ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂತು. ಅವಳ ಕೈ ಹಿಡಿದುಕೊಂಡೆ.

"ನಾ ಎಲ್ಲಿ ಹೋಗ್ತೇನಿ? ಆದ್ರ ಮಾಲಾ, ಎರಡ ದಿನಾ ಇದ್ದ ಹೋಗು."