ಮುಖ ತೊಳೆಯುವ ಮುಂಚೆ

ನನ್ನ ತಮ್ಮ ದೊಡ್ಡ ಚಿತ್ರಕಾರ. ಪತ್ರಿಕೆಯವರು ಅವನನ್ನು ಕನಸುಗಳ ಒಡೆಯ ಅಂತ ಬರೆದಾಗಲೆಲ್ಲ ನನಗೆ ನಗು ತಡೆಯಲಾಗುವುದಿಲ್ಲ. ಮಹರಾಯನಿಗೆ ಹುಟ್ಟಿದಾಗಿನಿಂದ ಒಂದು ಕನಸೂ ಬಿದ್ದಿಲ್ಲ. ದಿಂಬಿಗೆ ತಲೆ ಕೊಟ್ಟರೆ ಸಾಕು, ಕೊರಡಿನ ಹಾಗೆ ಮಲಗುತ್ತಾನೆ. ಕನಸು ಬೀಳುತ್ತಿದ್ದದ್ದು ನನಗೆ.

ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಅಂಗಡಿಗಳ ಬೋರ್ಡು ಬರೆಯುತ್ತಿದ್ದ, ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಒಂದು ಬೆಳಗ್ಗೆ ಹಾಸಿಗೆಯಿಂದ ಎದ್ದವಳೇ ಅವನಿಗೆ ಹೇಳಿದೆ: "ಅಪ್ಪನ ಕೋಟು ಒಂದೇ ನಡ್ಕೊಂಡು ಬಂದು ಊಟಕ್ಕೆ ಕೂತಿತ್ತು ಕಣೋ. ತೋಳಲ್ಲಿ ಕೈಯೇ ಇಲ್ಲ. ಆದ್ರೂ ನನ್ನ ತಲೆ ಸವರ್ತು."

ತಮ್ಮ ಚಪ್ಪಲಿ ಅಂಗಡಿಗೆಂದು ಬಿಳಿ ಬಳಿದಿಟ್ಟಿದ್ದ ತಗಡಿನ ಮೇಲೆ ಆ ಕೋಟನ್ನು ಬರೆದ. ಅಂಗಡಿಯವನು ಬಂದು ನೋಡಿ ಬಾಯಿಗೆ ಬಂದಂತೆ ಬೈದ. ಆ ತಗಡಿಗೆ ಈಗ ಗಾಜು ಹಾಕಿಸಿ ಕಾವಲು ಇಟ್ಟಿದ್ದಾರೆ.

ಅಂದಿನಿಂದ ಮನೆಯಲ್ಲಿ ಒಂದು ಕಟ್ಟುನಿಟ್ಟು. ನಾನು ಮುಖ ತೊಳೆಯುವ ಮುಂಚೆಯೇ ಕನಸು ಹೇಳಿಬಿಡಬೇಕು. ನೀರು ಸೋಕಿದರೆ ಅದು ಕರಗಿಹೋಗುತ್ತದೆಂದು ಇಬ್ಬರೂ ನಂಬಿದ್ದೆವು. ಕೆದರಿದ ತಲೆ, ನಿದ್ದೆಗಣ್ಣಿನಲ್ಲೇ ಅವನ ಕೋಣೆಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಹೊಲಿಗೆ ಯಂತ್ರ ಹೊಳೆಯನ್ನು ದಡಕ್ಕೆ ಹೊಲಿಯುತ್ತಿದ್ದದ್ದು, ಅಮ್ಮ ಮೆಟ್ಟಿಲುಗಳನ್ನು ಒಗೆದ ಬಟ್ಟೆಯಂತೆ ಮಡಚಿ ಕಪಾಟಿನಲ್ಲಿಟ್ಟದ್ದು, ಎಲ್ಲ ಹೇಳುತ್ತಿದ್ದೆ. ಅವನು ಇದ್ದಿಲಿನಲ್ಲಿ ಗೀಚಿಕೊಳ್ಳುತ್ತ "ಬಣ್ಣ ಯಾವ್ದು ಅಕ್ಕಾ?" ಅನ್ನುತ್ತಿದ್ದ.

"ನಂಗೇನೋ ಗೊತ್ತು? ಕನಸಲ್ಲಿ ಬಣ್ಣ ನೋಡ್ಕೊಂಡು ಕೂತಿರ್ತೀನಾ?"

ಹೀಗೆ ಮೂವತ್ತು ವರ್ಷ. ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡವಳೂ ನಾನೇ. ನನ್ನ ನಿದ್ದೆಯೊಳಗೆ ಊರಿಗೆಲ್ಲ ಏನು ಕೆಲಸ?

ಹೋದ ವರ್ಷ ವೈದ್ಯರು ನನಗೆ ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟರು. ಕನಸು ನಿಂತೇಹೋಯಿತು. ಅದೇ ಹೊತ್ತಿಗೆ ತಮ್ಮನ ಜೀವಮಾನದ ಚಿತ್ರಗಳನ್ನೆಲ್ಲ ಒಂದೆಡೆ ತೂಗುಹಾಕುವ ಪ್ರದರ್ಶನ ನಿಗದಿಯಾಗಿತ್ತು. ಹೊಸದಾಗಿ ಹನ್ನೆರಡು ಚಿತ್ರ ಬೇಕಿತ್ತು. ಮೂರು ದಿನ ಸ್ಟೂಲಿನ ಮೇಲೆ ಸುಮ್ಮನೆ ಕೂತು ಎದ್ದುಬಂದೆ. ಅವನು ಖಾಲಿ ಹಾಳೆಯನ್ನು ಹಾಗೇ ಎತ್ತಿಡುತ್ತಿದ್ದ. ಅದನ್ನು ನೋಡಲಾಗದೆ ನಾಲ್ಕನೆಯ ದಿನ ಸುಳ್ಳು ಹೇಳಿದೆ.

"ಕಪಾಟು ತೆಗೆದ್ರೆ ಒಳಗೆ ರೈಲ್ವೆ ಸ್ಟೇಷನ್ನು ಕಣೋ. ಎಲ್ರೂ ಅಪ್ಪನ ಕೋಟಿಗೆ ಕಾಯ್ತಿದಾರೆ."

"ಬಣ್ಣ?"

"ನೀಲಿ," ಅಂದೆ ತಟ್ಟನೆ.

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಬರೆಯತೊಡಗಿದ.

ವರ್ಷವಿಡೀ ಬಟ್ಟೆಯ ಅಂಚು ಮಡಚುತ್ತ ಸುಳ್ಳು ಹೆಣೆದೆ. ಮುಗಿದ ಚಿತ್ರಗಳತ್ತ ಕಣ್ಣೆತ್ತಿ ನೋಡಲೂ ನಾಚಿಕೆ. ನಿಜವೂ ಸುಳ್ಳೂ ಒಂದೇ ಸೂರಿನಡಿ ತೂಗಿದರೆ ಬಣ್ಣ ಬಯಲಾಗದೆ ಇರುತ್ತದೆಯೇ? ಮೂವತ್ತು ವರ್ಷದ ಅವನ ಹೆಸರು ನನ್ನಿಂದ ಮಣ್ಣುಪಾಲಾಗುತ್ತದೆಂದು ಹೆದರಿ ಸತ್ತಿದ್ದೆ.

ಪ್ರದರ್ಶನದ ದಿನ ಬಂತು. ಕೋಣೆಯಿಂದ ಕೋಣೆಗೆ ನನ್ನ ನಿದ್ದೆಯೊಳಗೇ ನಡೆದ ಹಾಗಿತ್ತು. ಹೊಳೆ, ಮೆಟ್ಟಿಲು, ಎಲ್ಲ ಇದ್ದವು. ಕೋಟಿನ ಮುಂದೆ ನಿಂತಾಗ ಯಾರೋ ತಲೆ ಸವರಿದಂತಾಯಿತು. ಕೊನೆಯ ಕೋಣೆಯ ಬಾಗಿಲಿಗೆ ಬಂದೆ. ಅವನ ಹಳೆಯ ಬೋರ್ಡಿನ ಅಕ್ಷರಗಳಲ್ಲೇ ಮೇಲೆ ಬರೆದಿತ್ತು: 'ಅಕ್ಕ ಎಚ್ಚರವಾಗಿದ್ದಾಗ'.

ಸಿಕ್ಕಿಬಿದ್ದೆನಲ್ಲ ಅಂದುಕೊಂಡೆ. ಒಳಗೆ ಹನ್ನೆರಡೂ ಚಿತ್ರಗಳು. ಪ್ರತಿಯೊಂದರ ಮೂಲೆಯಲ್ಲೂ ಸ್ಟೂಲಿನ ಮೇಲೆ ಕೂತ ಹೆಂಗಸು, ಅವಳ ಗಲ್ಲದಲ್ಲಿ ತೂಗುವ ಒಂದು ಹನಿ ನೀರು. ಅವಳ ವಿಷಯ ನಾನು ಹೇಳಿರಲೇ ಇಲ್ಲ. ಕನ್ನಡಕದ ವಿಮರ್ಶಕರೊಬ್ಬರು ಆ ಹನಿಯೆಂದರೆ ಕಾಲ ಅಂತ ನಾಲ್ಕು ಜನರಿಗೆ ವಿವರಿಸುತ್ತಿದ್ದರು.

ತಮ್ಮ ಬಂದು ಪಕ್ಕದಲ್ಲಿ ನಿಂತ.

"ಯಾವಾಗ ಗೊತ್ತಾಯ್ತೋ?"

"ಮೊದಲನೇ ದಿನಾನೇ. ನೀನು ಮುಖ ತೊಳ್ಕೊಂಡು ಬಂದಿದ್ದೆ."

ಹೌದಲ್ಲ! ಕರಗಿಹೋಗುವಂಥದ್ದು ಏನೂ ಇಲ್ಲದ ಮೇಲೆ ನನ್ನ ಕಾಲು ತಾನೇ ನಲ್ಲಿಯ ಕಡೆ ಹೋಗಿತ್ತು. ಅದೂ ವರ್ಷವಿಡೀ, ದಡ್ಡಿಯ ಹಾಗೆ!

"ಸುಳ್ಳು ಅಂತ ಗೊತ್ತಿದ್ದೂ ಯಾಕೋ ಬರೆದೆ?"

"ಕನಸು ತಾನಾಗೇ ಬೀಳುತ್ತಕ್ಕಾ. ಇವನ್ನ ನೀನು ನನಗೋಸ್ಕರ ಕೂತು ಮಾಡ್ದೆ."

ಕಣ್ಣು ತುಂಬಿ ಗಲ್ಲದವರೆಗೂ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದೆ. ಅವನು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.